ಬಾಡಿಗೆ ಚೀಟಿಯಲ್ಲಿ ಕಾಣದ ಲೆಕ್ಕ

ನ್ಯೂಯಾರ್ಕ್‌ನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಮೊದಲು ಎದುರಾಗುವುದು 40ರ ಲೆಕ್ಕ. ತಿಂಗಳ ಬಾಡಿಗೆ ಎಷ್ಟೋ ಅದರ 40 ಪಟ್ಟು ವರ್ಷದ ಆದಾಯವಿದ್ದರಷ್ಟೇ ಅರ್ಜಿ ಮುಂದಕ್ಕೆ ಹೋಗುತ್ತದೆ. ಬಾಡಿಗೆ 3,000 ಡಾಲರ್ ಎಂದರೆ ಸಂಬಳ 1,20,000 ಡಾಲರ್ ಇರಬೇಕು. ಅಷ್ಟು ದುಡಿಯದವರು ಜಾಮೀನು ತರಬೇಕು. ಜಾಮೀನು ನಿಲ್ಲುವವರ ಆದಾಯ 80 ಪಟ್ಟು ಇರಬೇಕೆಂದು ಕೇಳುವುದೂ ರೂಢಿ. ಇದು ಕಾನೂನಲ್ಲ, ಮಾಲೀಕರು ಪಾಲಿಸಿಕೊಂಡು ಬಂದ ಕಟ್ಟಳೆ. ಲೆಕ್ಕ ಹಾಕಿದರೆ ಆದಾಯದ ಶೇ 30ರಷ್ಟು ಬಾಡಿಗೆಗೆ ಹೋಗಬಹುದು ಎಂದು ಇದರ ಅರ್ಥ. ಈ ಶೇ 30 ಅಮೆರಿಕದ ಸರ್ಕಾರಿ ಕಡತಗಳಲ್ಲೂ ಹಳೆಯದು. ಸಾರ್ವಜನಿಕ ವಸತಿಯಲ್ಲಿರುವವರಿಂದ ಆದಾಯದ ಕಾಲು ಭಾಗಕ್ಕಿಂತ ಹೆಚ್ಚು ಬಾಡಿಗೆ ಪಡೆಯಬಾರದೆಂದು 1969ರ ಬ್ರೂಕ್ ತಿದ್ದುಪಡಿ ಹೇಳಿತು. 1981ರಲ್ಲಿ ಆ ಮಿತಿಯನ್ನು ಶೇ 30ಕ್ಕೆ ಏರಿಸಲಾಯಿತು. ಅದಕ್ಕಿಂತ ಹೆಚ್ಚು ತೆರುವ ಕುಟುಂಬವನ್ನು ವಸತಿ ವೆಚ್ಚದ ಹೊರೆ ಹೊತ್ತ ಕುಟುಂಬವೆಂದು ಈಗಲೂ ಎಣಿಸಲಾಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವಸತಿ ಅಧ್ಯಯನ ಕೇಂದ್ರದ ಪ್ರಕಾರ 2022ರಲ್ಲಿ ಅಮೆರಿಕದ ಬಾಡಿಗೆದಾರರಲ್ಲಿ ಅರ್ಧದಷ್ಟು, ಅಂದರೆ 2.24 ಕೋಟಿ ಕುಟುಂಬಗಳು ಆ ಗೆರೆ ದಾಟಿದ್ದವು.

ಅದೇ ಕಟ್ಟಳೆಯನ್ನು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ಅನ್ವಯಿಸಿ ನೋಡಬಹುದು. ಅಲ್ಲಿ ನಗರಾಡಳಿತದ ಮನೆಗಳಿಗೆ 2023ರ ಏಪ್ರಿಲ್‌ನಿಂದ ಬಂದ ಮೂಲದರ ಚದರ ಮೀಟರಿಗೆ 6.67 ಯೂರೋ. 60 ಚದರ ಮೀಟರಿನ ಮನೆಗೆ, ಬೆಂಗಳೂರಿನವರ ಲೆಕ್ಕದಲ್ಲಿ ಆರೂವರೆ ಚದರದ ಮನೆಗೆ, ಮೂಲ ಬಾಡಿಗೆ 400 ಯೂರೋ. ನೀರು, ಕಸ, ಕಟ್ಟಡದ ನಿರ್ವಹಣೆ, ತೆರಿಗೆ ಸೇರಿದರೆ 600ರ ಆಸುಪಾಸು. 40 ಪಟ್ಟು ಎಂದರೂ ವರ್ಷಕ್ಕೆ 24,000 ಯೂರೋ. ಅಂಗಡಿಯಲ್ಲಿ ಪೂರ್ಣಾವಧಿ ದುಡಿಯುವವರ ಸಂಬಳವೂ ಅದಕ್ಕಿಂತ ಹೆಚ್ಚಿದೆ. ಮ್ಯಾನ್‌ಹಟನ್‌ನಲ್ಲಿ ಹೊಸದಾಗಿ ಕರಾರು ಮಾಡಿಕೊಳ್ಳುವವರ ಬಾಡಿಗೆಯ ಮಧ್ಯಮ ಮೊತ್ತ 4,000 ಡಾಲರ್ ದಾಟಿದೆ. ಅದಕ್ಕೆ ಬೇಕಾದ ಆದಾಯ 1,60,000 ಡಾಲರ್.

ಇಷ್ಟನ್ನೇ ಪಕ್ಕಪಕ್ಕ ಇಟ್ಟು ಅಮೆರಿಕ ದುಬಾರಿ, ಯುರೋಪ್ ಅಗ್ಗ ಎಂದುಬಿಡುವುದು ಸುಲಭ. ಹಾಗೆ ಹೇಳುವ ಪಟ್ಟಿಗಳು ವರ್ಷವರ್ಷವೂ ಬರುತ್ತವೆ. ಆದರೆ ಬಾಡಿಗೆ ಎಂಬ ಒಂದು ಅಂಕಿಯಲ್ಲಿ ಆಯಾ ದೇಶ ಬೇರೆ ಬೇರೆ ಖರ್ಚುಗಳನ್ನು ಸೇರಿಸಿದೆ, ಇಲ್ಲವೇ ಬಿಟ್ಟಿದೆ. ಆಸ್ಪತ್ರೆ, ಕಾರು, ಮಗುವಿನ ಶಾಲೆ, ಮನೆಗಾಗಿ ಕಾಯುವ ವರ್ಷಗಳು ಇವೆಲ್ಲ ಆ ಲೆಕ್ಕಕ್ಕೆ ಬಂದಾಗಲೇ ಹೋಲಿಕೆಗೆ ಅರ್ಥ ಬರುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಅಮೆರಿಕದ ನಗರದಲ್ಲಿ ದುಡ್ಡು ಕೊಟ್ಟು ಪಡೆಯುವುದನ್ನು ಯುರೋಪಿನ ನಗರದಲ್ಲಿ ಕಾದು ಪಡೆಯಬೇಕು. ದುಡ್ಡಿಲ್ಲದವರು ಅಮೆರಿಕದಲ್ಲಿ ಹೊರಗುಳಿಯುತ್ತಾರೆ, ಹೊಸದಾಗಿ ಬಂದವರು ಯುರೋಪಿನಲ್ಲಿ.

ಕಟ್ಟಿದ ನಗರ, ಮಾರಿದ ನಗರ

ವಿಯೆನ್ನಾದ ಕಡಿಮೆ ಬಾಡಿಗೆ ತಾನಾಗಿ ಬಂದದ್ದಲ್ಲ. ಮೊದಲ ಮಹಾಯುದ್ಧ ಮುಗಿದಾಗ ಆ ನಗರ ಯುರೋಪಿನಲ್ಲೇ ಅತ್ಯಂತ ಇಕ್ಕಟ್ಟಿನ ವಸತಿಗೆ ಹೆಸರಾಗಿತ್ತು. ಒಂದೇ ಹಾಸಿಗೆಯಲ್ಲಿ ಪಾಳಿಯ ಮೇಲೆ ಮಲಗಿ ಬಾಡಿಗೆ ಕೊಡುವವರಿದ್ದರು. 1919ರಲ್ಲಿ ನಗರದ ಆಡಳಿತ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಕೈಗೆ ಬಂತು. ಅದರ ಹಣಕಾಸು ಹೊಣೆ ಹೊತ್ತ ಹ್ಯೂಗೊ ಬ್ರೈಟ್ನರ್ 1923ರಲ್ಲಿ ವಸತಿ ನಿರ್ಮಾಣ ತೆರಿಗೆ ಜಾರಿಗೆ ತಂದರು. ಸಣ್ಣ ಮನೆಗೆ ತೀರಾ ಕಡಿಮೆ, ಬಂಗಲೆಗಳಿಗೆ ಬಹಳ ಹೆಚ್ಚು ಎಂಬಂತೆ ಏರುತ್ತ ಹೋಗುವ ತೆರಿಗೆ ಅದು. ಆ ದುಡ್ಡಿನಿಂದ 1934ರ ಹೊತ್ತಿಗೆ 60,000ಕ್ಕೂ ಹೆಚ್ಚು ಮನೆಗಳು ಎದ್ದವು.

ಅವುಗಳಲ್ಲಿ ಹೆಸರುವಾಸಿಯಾದದ್ದು ಕಾರ್ಲ್ ಮಾರ್ಕ್ಸ್ ಹೋಫ್. ಕಾರ್ಲ್ ಏನ್ ಎಂಬ ವಾಸ್ತುಶಿಲ್ಪಿಯ ಈ ಕಟ್ಟಡ ಒಂದು ಕಿಲೋಮೀಟರಿಗೂ ಉದ್ದ. 1930ರಲ್ಲಿ ಪೂರ್ಣಗೊಂಡಾಗ 1,382 ಮನೆಗಳಿದ್ದವು. ಎತ್ತರದ ಕಮಾನುಗಳ ಕೆಳಗೆ ಹಾದು ಒಳಗೆ ಹೋದರೆ ಕಾಣುವುದು ಮರಗಳಿರುವ ಅಂಗಳಗಳು; ಜಾಗದ ಐದನೇ ಒಂದು ಭಾಗಕ್ಕಿಂತ ಕಡಿಮೆಯಲ್ಲಿ ಮಾತ್ರ ಕಟ್ಟಡ ಕಟ್ಟಲಾಗಿದೆ. ಸಾಮೂಹಿಕ ಬಟ್ಟೆ ಒಗೆಯುವ ಕೋಣೆ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ ಮೊದಲಿನಿಂದಲೇ ಇದ್ದವು. ಬಡವರಿಗೆ ಕಟ್ಟುವ ಮನೆ ಕಳಪೆಯಾಗಿರಲೇಬೇಕಿಲ್ಲ ಎಂಬ ಮಾತಿಗೆ ನೂರು ವರ್ಷಗಳ ಹತ್ತಿರಕ್ಕೆ ಬಂದಿರುವ ಈ ಗೋಡೆಗಳು ಈಗಲೂ ಸಾಕ್ಷಿ. 1934ರ ಫೆಬ್ರವರಿಯ ಅಂತರ್ಯುದ್ಧದಲ್ಲಿ ಸೈನ್ಯ ಇದರ ಮೇಲೆ ಫಿರಂಗಿ ಹಾರಿಸಿತ್ತು.

ಇಂದು ವಿಯೆನ್ನಾ ನಗರಾಡಳಿತದ ಕೈಯಲ್ಲಿ ಸುಮಾರು 2,20,000 ಮನೆಗಳಿವೆ. ಲಾಭಕ್ಕೆ ಮಿತಿ ಹಾಕಿಕೊಂಡ ವಸತಿ ಸಂಘಗಳ ಮನೆಗಳೂ ಸೇರಿ ನಗರದ ಅರ್ಧದಷ್ಟು ಜನ ಯಾವುದೋ ಒಂದು ರೀತಿಯ ನೆರವಿನ ಮನೆಯಲ್ಲಿದ್ದಾರೆ. ಶಿಕ್ಷಕರು, ನರ್ಸ್‌ಗಳು, ಕಚೇರಿ ನೌಕರರೂ ಅಲ್ಲೇ ಇರುವುದರಿಂದ ಅದು ಬಡವರ ಕೇರಿ ಎನ್ನಿಸಿಕೊಂಡಿಲ್ಲ. ಇಷ್ಟು ದೊಡ್ಡ ಪಾಲಿನ ಬಾಡಿಗೆ ಕಡಿಮೆ ಇರುವುದರಿಂದ ಖಾಸಗಿ ಮಾಲೀಕರಿಗೂ ಮನಬಂದಂತೆ ಕೇಳಲು ಆಗುವುದಿಲ್ಲ.

ಬೇರೆ ನಗರಗಳೂ ಕಟ್ಟಿದ್ದವು. ವ್ಯತ್ಯಾಸ ಎಲ್ಲೆಂದರೆ, ಅವು ಆಮೇಲೆ ಮಾರಿದವು. ಬ್ರಿಟನ್ನಿನ 1980ರ ವಸತಿ ಕಾಯ್ದೆ ಸ್ಥಳೀಯ ಸಂಸ್ಥೆಗಳ ಮನೆಯಲ್ಲಿದ್ದ ಬಾಡಿಗೆದಾರರಿಗೆ ಅದನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕು ಕೊಟ್ಟಿತು. ಕೊಂಡ ಕುಟುಂಬಗಳಿಗೆ ಅದು ದೊಡ್ಡ ಆಸರೆ. ಆದರೆ ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. ಬರ್ಲಿನ್ 2004ರಲ್ಲಿ ಸುಮಾರು 65,000 ಮನೆಗಳಿದ್ದ ತನ್ನ ವಸತಿ ಕಂಪನಿಯನ್ನು 40.5 ಕೋಟಿ ಯೂರೋಗೆ ಮಾರಿತು; ಕಂಪನಿಯ ದೊಡ್ಡ ಸಾಲವೂ ಕೊಂಡವರ ಹೆಗಲಿಗೆ ಹೋಯಿತು. 2021ರಲ್ಲಿ ಅದೇ ನಗರ ಸುಮಾರು 14,750 ಮನೆಗಳನ್ನು ಖಾಸಗಿ ಕಂಪನಿಗಳಿಂದ ಕೊಂಡಿತು. ಈ ಸಲ ತೆತ್ತದ್ದು 240 ಕೋಟಿ ಯೂರೋಗೂ ಹೆಚ್ಚು. ಸಾಲದ ಲೆಕ್ಕ ಸೇರಿಸಿದರೂ ಬರ್ಲಿನ್ ಎಷ್ಟು ಕಳೆದುಕೊಂಡಿತು ಎಂಬುದನ್ನು ಈ ಅಂಕಿಗಳು ಮುಚ್ಚಿಡುವುದಿಲ್ಲ.

ನಡುವೆ ಬರ್ಲಿನ್ ಇನ್ನೊಂದು ದಾರಿ ಹಿಡಿದು ನೋಡಿತು. 2020ರಲ್ಲಿ ಬಾಡಿಗೆಯನ್ನು ಇದ್ದಲ್ಲೇ ನಿಲ್ಲಿಸುವ ಕಾನೂನು ತಂದಿತು. ಆ ಅಧಿಕಾರ ರಾಜ್ಯಕ್ಕಿಲ್ಲ, ಕೇಂದ್ರಕ್ಕೆ ಮಾತ್ರ ಎಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 2021ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಡೆದ ಜನಮತದಲ್ಲಿ ದೊಡ್ಡ ವಸತಿ ಕಂಪನಿಗಳ ಮನೆಗಳನ್ನು ಸಾರ್ವಜನಿಕ ಒಡೆತನಕ್ಕೆ ತರಬೇಕೆಂದು ಶೇ 57ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಆ ತೀರ್ಮಾನ ಇನ್ನೂ ಜಾರಿಗೆ ಬಂದಿಲ್ಲ.

ನ್ಯೂಯಾರ್ಕ್ ಒಳಗಿನ ಇನ್ನೊಂದು ನ್ಯೂಯಾರ್ಕ್

ಅಮೆರಿಕದಲ್ಲಿ ಎಲ್ಲವೂ ಮಾರುಕಟ್ಟೆಯ ಕೈಯಲ್ಲಿದೆ ಎಂಬ ಮಾತು ನ್ಯೂಯಾರ್ಕ್ ಮಟ್ಟಿಗೆ ಅರ್ಧ ಮಾತ್ರ ನಿಜ. 1969ರ ಕಾನೂನಿನಡಿ ಬಾಡಿಗೆ ನಿಯಂತ್ರಣದಲ್ಲಿರುವ ಮನೆಗಳು ಅಲ್ಲಿ ಹತ್ತು ಲಕ್ಷದ ಹತ್ತಿರ ಇವೆ. ಅವುಗಳ ಬಾಡಿಗೆ ಎಷ್ಟು ಏರಬಹುದೆಂದು ಒಂದು ಮಂಡಳಿ ಪ್ರತಿವರ್ಷ ಸಾರ್ವಜನಿಕ ಸಭೆಯಲ್ಲಿ ನಿರ್ಧರಿಸುತ್ತದೆ. ಆ ಸಭೆಗಳಲ್ಲಿ ಬಾಡಿಗೆದಾರರೂ ಮಾಲೀಕರೂ ಬಂದು ಕೂಗಾಡುವುದು ಪ್ರತಿವರ್ಷದ ನೋಟ. ನಗರದ ವಸತಿ ಸಂಸ್ಥೆಯ ಬಳಿ ಇನ್ನೂ 1,77,000ದಷ್ಟು ಮನೆಗಳಿವೆ. ಹಳೆಯ ಕರಾರಿನಲ್ಲಿ ಕುಳಿತವರು 1,500 ಡಾಲರ್ ಕೊಡುವ ಕಟ್ಟಡದಲ್ಲೇ ಹೊಸದಾಗಿ ಬಂದವರು ಅದರ ಎರಡು ಪಟ್ಟು, ಮೂರು ಪಟ್ಟು ಕೊಡುವುದುಂಟು.

ಹಾಗಾಗಿ ಹಳೆಯ ಬಾಡಿಗೆದಾರರು ಮನೆ ಬಿಡುವುದಿಲ್ಲ. 2023ರ ಸಮೀಕ್ಷೆಯಲ್ಲಿ ನಗರದ ಬಾಡಿಗೆ ಮನೆಗಳಲ್ಲಿ ಖಾಲಿ ಇದ್ದವು ಶೇ 1.4 ಮಾತ್ರ, 1968ರ ನಂತರ ಇಷ್ಟು ಕಡಿಮೆ ಎಂದೂ ಇರಲಿಲ್ಲ. ಶೇ 5ಕ್ಕಿಂತ ಕಡಿಮೆಯಾದರೆ ವಸತಿ ತುರ್ತುಸ್ಥಿತಿ ಎಂದು ಅಲ್ಲಿನ ಕಾನೂನೇ ಹೇಳುತ್ತದೆ. 2025ರ ನವೆಂಬರ್‌ನಲ್ಲಿ ಜೊಹ್ರಾನ್ ಮಮ್ದಾನಿ ಮೇಯರ್ ಚುನಾವಣೆ ಗೆದ್ದದ್ದರ ಹಿಂದೆ ನಿಯಂತ್ರಿತ ಮನೆಗಳ ಬಾಡಿಗೆ ಏರಿಸುವುದಿಲ್ಲ ಎಂಬ ಭರವಸೆ ದೊಡ್ಡ ಕಾರಣವಾಗಿತ್ತು.

ದಲ್ಲಾಳಿ ಶುಲ್ಕದ ಕಥೆಯೂ ಹೇಳಬೇಕಾದದ್ದೇ. ಮಾಲೀಕ ನೇಮಿಸಿದ ದಲ್ಲಾಳಿಗೆ ಬಾಡಿಗೆಗೆ ಬರುವವರು ವರ್ಷದ ಬಾಡಿಗೆಯ ಶೇ 15ರವರೆಗೂ ತೆರುವ ಪದ್ಧತಿ ನ್ಯೂಯಾರ್ಕ್‌ನಲ್ಲಿ ದಶಕಗಳ ಕಾಲ ನಡೆಯಿತು. ಯಾರು ದಲ್ಲಾಳಿಯನ್ನು ಕರೆಸಿದರೋ ಅವರೇ ಕೊಡಬೇಕು ಎಂಬ ನಿಯಮ ಅಲ್ಲಿ ಜಾರಿಯಾದದ್ದು 2025ರ ಜೂನ್‌ನಲ್ಲಿ. ಜರ್ಮನಿಯಲ್ಲಿ ಇದೇ ನಿಯಮ 2015ರ ಜೂನ್‌ನಲ್ಲೇ ಬಂದಿತ್ತು.

ಕಾಯುವವರು

ಯುರೋಪಿನ ಕಷ್ಟ ಬೇರೆ ಬಗೆಯದು. ಸ್ಟಾಕ್‌ಹೋಮ್‌ನಲ್ಲಿ ಬಾಡಿಗೆ ಮನೆಗಾಗಿ ನಗರದ್ದೇ ಒಂದು ಸರದಿ ಪಟ್ಟಿ ಇದೆ. 18 ತುಂಬಿದವರು ಹೆಸರು ಬರೆಸಬಹುದು. ಮನೆ ಕೈಗೆ ಬರುವ ಹೊತ್ತಿಗೆ ಸರಾಸರಿ ಒಂಬತ್ತು ವರ್ಷ ಕಳೆದಿರುತ್ತದೆ. ನಗರದ ನಡುಭಾಗವೇ ಬೇಕೆಂದರೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಇನ್ನೊಬ್ಬರ ಮನೆಯಲ್ಲಿ ಒಳಬಾಡಿಗೆಗೆ, ಹೆಚ್ಚಿನ ದರಕ್ಕೆ, ಇಂದೋ ನಾಳೆಯೋ ಬಿಡಬೇಕಾದ ಸ್ಥಿತಿಯಲ್ಲಿ ಇರಬೇಕು. ವಿಯೆನ್ನಾದಲ್ಲೂ ನಗರದ ಮನೆಗೆ ಅರ್ಜಿ ಹಾಕಲು ಮೊದಲು ಎರಡು ವರ್ಷ ಒಂದೇ ವಿಳಾಸದಲ್ಲಿ ನೋಂದಾಯಿತರಾಗಿ ವಾಸವಿರಬೇಕು. ಹೊಸದಾಗಿ ಬಂದ ವಲಸಿಗರು ಹೋಗುವುದು ಖಾಸಗಿ ಮಾಲೀಕರ ಬಳಿಗೆ, ಕೆಲವೇ ವರ್ಷಗಳ ಅವಧಿಯ ಕರಾರಿಗೆ. 400 ಯೂರೋ ಮೂಲ ಬಾಡಿಗೆಯ ಮನೆ ಅವರಿಗೆ ಸಿಗುವ ಮನೆಯಲ್ಲ.

ಬೆಂಗಳೂರಿನಿಂದ ಜರ್ಮನಿಯ ಮ್ಯೂನಿಕ್‌ಗೋ ಸ್ಟುಟ್‌ಗಾರ್ಟ್‌ಗೋ ಕೆಲಸಕ್ಕೆ ಹೋಗುವ ಎಂಜಿನಿಯರ್‌ಗಳು ಈ ಗೋಡೆಗೆ ನೇರವಾಗಿ ಹೋಗಿ ತಾಗುತ್ತಾರೆ. ಸಂಬಳ ಚೆನ್ನಾಗಿದ್ದರೂ ಸಾಲ ಮರುಪಾವತಿಯ ದಾಖಲೆ ಇಟ್ಟುಕೊಳ್ಳುವ ಶೂಫಾ ಎಂಬ ಸಂಸ್ಥೆಯಲ್ಲಿ ಅವರ ಹೆಸರೇ ಇರುವುದಿಲ್ಲ. ಜಾಹೀರಾತಿನಲ್ಲಿರುವುದು ‘ತಣ್ಣನೆಯ ಬಾಡಿಗೆ’, ಅಂದರೆ ಗೋಡೆ ಮತ್ತು ಸೂರಿನ ಬೆಲೆ ಮಾತ್ರ. ಬಿಸಿ ನೀರು, ಮನೆ ಕಾಯಿಸುವ ಖರ್ಚು, ಕಟ್ಟಡದ ನಿರ್ವಹಣೆ ಸೇರಿದರೆ ‘ಬೆಚ್ಚನೆಯ ಬಾಡಿಗೆ’. ಕೀಲಿ ತಿರುಗಿಸಿ ಒಳಗೆ ಹೋದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ: ಗೋಡೆಯಿಂದ ಹೊರಬಂದ ನೀರಿನ ಪೈಪಿನ ಮುಚ್ಚಿದ ತುದಿ, ಒಲೆಗಾಗಿ ಬಿಟ್ಟ ವಿದ್ಯುತ್ ತಂತಿ, ಹಿಂದಿನವರ ಕಪಾಟು ಇದ್ದಲ್ಲಿ ಬಣ್ಣ ಬೇರೆಯಾಗಿ ಉಳಿದ ಗೋಡೆ. ಸಿಂಕು, ಒಲೆ, ಕಪಾಟು ಎಲ್ಲವನ್ನೂ ಬಾಡಿಗೆದಾರರೇ ಕೊಂಡು ಕೂರಿಸಿಕೊಳ್ಳಬೇಕು, ಬಿಡುವಾಗ ಕಿತ್ತುಕೊಂಡು ಹೋಗಬೇಕು, ಇಲ್ಲವೇ ಮುಂದೆ ಬರುವವರಿಗೆ ಮಾರಬೇಕು. ಅಮೆರಿಕದ ಅಪಾರ್ಟ್‌ಮೆಂಟ್‌ನಲ್ಲಿ ಒಲೆ, ಫ್ರಿಜ್ ಮನೆಯ ಜೊತೆಗೇ ಬರುತ್ತವೆ.

ಇಷ್ಟಾದರೂ ಒಮ್ಮೆ ಒಳಗೆ ಕಾಲಿಟ್ಟವರಿಗೆ ಜರ್ಮನಿ ಕೊಡುವ ರಕ್ಷಣೆ ದೊಡ್ಡದು. ಕರಾರಿಗೆ ಸಾಮಾನ್ಯವಾಗಿ ಅವಧಿಯೇ ಇಲ್ಲ. ಬಾಡಿಗೆಯನ್ನು ಮೂರು ವರ್ಷಗಳಲ್ಲಿ ಶೇ 20ಕ್ಕಿಂತ, ಮನೆ ಅಭಾವದ ಊರುಗಳಲ್ಲಿ ಶೇ 15ಕ್ಕಿಂತ ಹೆಚ್ಚಿಸುವಂತಿಲ್ಲ. ಅಡ್ವಾನ್ಸ್ ಮೂರು ತಿಂಗಳ ತಣ್ಣನೆಯ ಬಾಡಿಗೆ ಮೀರುವಂತಿಲ್ಲ. ಅದನ್ನು ಮೂರು ಕಂತಿನಲ್ಲಿ ಕೊಡಬಹುದು. ಮಾಲೀಕರು ಅದನ್ನು ತಮ್ಮ ದುಡ್ಡಿನಿಂದ ಬೇರೆಯಾಗಿ ಬ್ಯಾಂಕಿನಲ್ಲಿಟ್ಟು ಬಡ್ಡಿ ಸಮೇತ ಹಿಂದಿರುಗಿಸಬೇಕು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಬಣ್ಣದ ಖರ್ಚು ಕಳೆದುಕೊಂಡು ಅಭ್ಯಾಸವಾದ ಬೆಂಗಳೂರಿನವರಿಗೆ ಇದು ಬೇರೆಯೇ ಲೋಕ. ನ್ಯೂಯಾರ್ಕ್‌ನಲ್ಲಿ 2019ರಿಂದ ಅಡ್ವಾನ್ಸ್ ಒಂದೇ ತಿಂಗಳಿನದ್ದು, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಐದು ವಾರದ್ದು. ಫ್ರಾನ್ಸ್‌ನಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ಚಳಿಗಾಲವಿಡೀ, ಬಾಡಿಗೆದಾರರನ್ನು ಮನೆಯಿಂದ ಹೊರಹಾಕುವಂತಿಲ್ಲ.

ಬಾಡಿಗೆ ಕೊಟ್ಟ ಮೇಲೆ

ಉಳಿದ ಖರ್ಚುಗಳಲ್ಲಿ ಮೊದಲನೆಯದು ಆರೋಗ್ಯ. ಅಮೆರಿಕದಲ್ಲಿ ಕಂಪನಿಗಳ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ಕಂತು 2024ರಲ್ಲಿ ವರ್ಷಕ್ಕೆ 25,572 ಡಾಲರ್ ಆಗಿತ್ತು. ಅದರಲ್ಲಿ 6,296 ಡಾಲರ್ ನೌಕರರ ಸಂಬಳದಿಂದಲೇ ಕಡಿತವಾಗುತ್ತಿತ್ತು. ವಿಮೆ ಇದ್ದರೂ ಆಸ್ಪತ್ರೆಗೆ ಹೋದಾಗ ಮೊದಲ ಕೆಲವು ಸಾವಿರ ಡಾಲರ್ ಕೈಯಿಂದಲೇ ಕೊಡಬೇಕಾಗುವುದು ಸಾಮಾನ್ಯ. ಕೆಲಸ ಹೋದರೆ ವಿಮೆಯೂ ಅಲುಗಾಡುತ್ತದೆ. ಜರ್ಮನಿಯಲ್ಲಿ ಆರೋಗ್ಯ ವಿಮೆಯ ಮೂಲದರ ಸಂಬಳದ ಶೇ 14.6, ಅದರ ಮೇಲೊಂದು ಹೆಚ್ಚುವರಿ ಅಂಶ. ಅರ್ಧ ನೌಕರರದು, ಅರ್ಧ ಕಂಪನಿಯದು. ದುಡಿಯದ ಸಂಗಾತಿ ಮತ್ತು ಮಕ್ಕಳು ಬೇರೆ ಕಂತಿಲ್ಲದೆ ಅದರಲ್ಲೇ ಸೇರುತ್ತಾರೆ. ಇಡೀ ಯುರೋಪ್ ಹೀಗಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಂತು, ಆದಾಯ ನೋಡಿ ಅದು ಇಳಿಯುವುದೂ ಇಲ್ಲ. ಬಡವರಿಗೆ ಸರ್ಕಾರ ಸಹಾಯಧನ ಕೊಡುತ್ತದೆ.

ಇದಕ್ಕೆ ಪ್ರತಿಯಾಗಿ ತೆರಿಗೆ ಇದೆ. 2024ರಲ್ಲಿ ಸರಾಸರಿ ಸಂಬಳದ ಒಂಟಿ ನೌಕರನಿಗಾಗಿ ಕಂಪನಿ ಖರ್ಚು ಮಾಡಿದ ಪ್ರತಿ 100ರಲ್ಲಿ ತೆರಿಗೆ ಮತ್ತು ಸಾಮಾಜಿಕ ವಿಮೆಗೆ ಜರ್ಮನಿಯಲ್ಲಿ ಸುಮಾರು 48, ಆಸ್ಟ್ರಿಯಾದಲ್ಲಿ 47, ಅಮೆರಿಕದಲ್ಲಿ 30 ಹೋಗುತ್ತಿತ್ತೆಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ ಲೆಕ್ಕ ಹಾಕಿದೆ. ಅಮೆರಿಕದವರ ಕೈಗೆ ಹೆಚ್ಚು ಸಂಬಳ ಬರುತ್ತದೆ ಎಂಬುದು ಇಲ್ಲಿಂದಲೇ. ಆದರೆ ಖಾಸಗಿ ವಿಮೆಯ ಕಂತು ಆ 30ರಲ್ಲಿ ಸೇರಿಲ್ಲ. ಕುಟುಂಬವಿರುವವರ ಲೆಕ್ಕಕ್ಕೆ ಅದನ್ನು ಕೂಡಿಸಿದರೆ ಅಂತರದ ದೊಡ್ಡ ಪಾಲು ಕರಗುತ್ತದೆ. ಒಂಟಿಯಾಗಿ, ಆರೋಗ್ಯವಾಗಿ, ಒಳ್ಳೆಯ ಸಂಬಳದಲ್ಲಿರುವ ಇಪ್ಪತ್ತೆಂಟರ ಯುವಕನಿಗೆ ಅಮೆರಿಕ ಲಾಭ. ಎರಡು ಮಕ್ಕಳಿರುವ ಮಧ್ಯಮ ವರ್ಗದ ಕುಟುಂಬಕ್ಕೆ ಹಾಗೆಂದು ಹೇಳಲಾಗದು.

ಎರಡನೆಯದು ಓಡಾಟ. ಅಮೆರಿಕದ ವಾಹನ ಸಂಘ ಟ್ರಿಪಲ್ ಎ ಪ್ರಕಾರ 2024ರಲ್ಲಿ ಹೊಸ ಕಾರೊಂದನ್ನು ಇಟ್ಟುಕೊಳ್ಳುವ ವಾರ್ಷಿಕ ಖರ್ಚು 12,297 ಡಾಲರ್. ಹ್ಯೂಸ್ಟನ್, ಫೀನಿಕ್ಸ್‌ನಂಥ ಊರುಗಳಲ್ಲಿ ಬಾಡಿಗೆ ಕಡಿಮೆ ನಿಜ. ಗಂಡ ಹೆಂಡತಿ ಇಬ್ಬರಿಗೂ ಕಾರಿಲ್ಲದೆ ನಡೆಯುವುದಿಲ್ಲ ಎಂಬಲ್ಲಿ ಆ ಉಳಿತಾಯ ಹೋಗುತ್ತದೆ. ನ್ಯೂಯಾರ್ಕ್ ಇದಕ್ಕೆ ಅಪವಾದ, ಅಲ್ಲಿ ಅರ್ಧಕ್ಕೂ ಹೆಚ್ಚು ಕುಟುಂಬಗಳ ಬಳಿ ಕಾರೇ ಇಲ್ಲ. ವಿಯೆನ್ನಾದಲ್ಲಿ ಬಸ್ಸು, ಟ್ರಾಮು, ಮೆಟ್ರೊ ಎಲ್ಲಕ್ಕೂ ಸೇರಿ ವರ್ಷದ ಪಾಸು 2012ರಿಂದ 2025ರವರೆಗೂ 365 ಯೂರೋ ಇತ್ತು, ದಿನಕ್ಕೊಂದು ಯೂರೋ. 2026ರಲ್ಲಿ ಅದನ್ನು ಏರಿಸಲಾಗಿದೆ. ಪ್ಯಾರಿಸ್‌ನಲ್ಲಿ ತಿಂಗಳ ಪಾಸಿನ ಅರ್ಧ ಹಣವನ್ನು ಕಂಪನಿ ಕೊಡಲೇಬೇಕು.

ಮಕ್ಕಳ ಖರ್ಚು ಮನೆ ಬೆಲೆಯ ಒಳಗೇ ಅವಿತಿರುತ್ತದೆ ಎಂಬುದು ಅಮೆರಿಕದ ವಿಶೇಷ. ಅಲ್ಲಿನ ಸರ್ಕಾರಿ ಶಾಲೆಗಳಿಗೆ ದುಡ್ಡಿನ ಒಂದು ಮುಖ್ಯ ಮೂಲ ಆಯಾ ಊರಿನ ಆಸ್ತಿ ತೆರಿಗೆ. ಒಳ್ಳೆಯ ಶಾಲೆಯ ಊರಿನಲ್ಲಿ ಮನೆ ದುಬಾರಿ, ತೆರಿಗೆಯೂ ಜಾಸ್ತಿ. ಕನ್ನಡಿಗರು ಸಾಕಷ್ಟು ಸಂಖ್ಯೆಯಲ್ಲಿರುವ ನ್ಯೂಜೆರ್ಸಿಯಲ್ಲಿ ಒಂದು ಮನೆಯ ಸರಾಸರಿ ವಾರ್ಷಿಕ ಆಸ್ತಿ ತೆರಿಗೆ 2024ರಲ್ಲಿ 10,000 ಡಾಲರ್ ದಾಟಿತು. ಶಾಲೆಗೆ ಶುಲ್ಕವಿಲ್ಲ ಎನ್ನುವವರು ಈ ಮೊತ್ತವನ್ನು ನೆನಪಿಡಬೇಕು. ಬರ್ಲಿನ್‌ನಲ್ಲಿ 2018ರಿಂದ ಶಿಶುವಿಹಾರಕ್ಕೆ ಶುಲ್ಕವಿಲ್ಲ, ಊಟಕ್ಕೆ ಮಾತ್ರ ಸಣ್ಣ ಮೊತ್ತ. ಲಂಡನ್ ಮಾತ್ರ ಎರಡೂ ಕಡೆಯ ಕಷ್ಟವನ್ನು ಹೊತ್ತಂತಿದೆ: ವೈದ್ಯಕೀಯ ಸೇವೆ ತೆರಿಗೆಯಿಂದ ನಡೆಯುತ್ತದಾದರೂ ಬಾಡಿಗೆ ಅಮೆರಿಕದ ದೊಡ್ಡ ನಗರಗಳ ಮಟ್ಟದ್ದು, ಸಂಬಳ ಮಾತ್ರ ಆ ಮಟ್ಟದ್ದಲ್ಲ.

ಕೊಳ್ಳುವವರ ದಾರಿಗಳೂ ಬೇರೆ. ಅಮೆರಿಕದಲ್ಲಿ 30 ವರ್ಷ ಒಂದೇ ಬಡ್ಡಿಯ ಗೃಹಸಾಲ ಸಾಮಾನ್ಯ. 2021ರಲ್ಲಿ ಶೇ 3ರ ಆಸುಪಾಸಿನಲ್ಲಿ ಸಾಲ ಹಿಡಿದವರು, 2023ರ ಅಕ್ಟೋಬರ್‌ನಲ್ಲಿ ದರ ಶೇ 8ರ ಹತ್ತಿರ ಹೋದಾಗ ಇದ್ದ ಮನೆ ಬಿಡಲು ಒಪ್ಪಲಿಲ್ಲ. ಮಾರಾಟಕ್ಕೆ ಬರುವ ಮನೆಗಳೇ ಕಡಿಮೆಯಾದವು. ಬ್ರಿಟನ್ನಿನಲ್ಲಿ ಎರಡೋ ಐದೋ ವರ್ಷಕ್ಕೆ ಬಡ್ಡಿ ಬದಲಾಗುವುದರಿಂದ ಅದೇ ಏರಿಕೆ ನೇರವಾಗಿ ಕಂತಿಗೆ ಬಂದು ಬಿತ್ತು. ಬರ್ಲಿನ್‌ನಲ್ಲಿ ಕೊಳ್ಳುವಾಗಲೇ ಶೇ 6 ಆಸ್ತಿ ಖರೀದಿ ತೆರಿಗೆ, ಅದರ ಮೇಲೆ ನೋಟರಿ, ದಲ್ಲಾಳಿ ಖರ್ಚು. ಕೊಂಡವರು ಬೇಗ ಮಾರುವುದಿಲ್ಲ, ಕೊಳ್ಳುವವರೂ ಕಡಿಮೆ. ಜರ್ಮನಿಯಲ್ಲಿ ಸ್ವಂತ ಮನೆಯಲ್ಲಿರುವವರು ಅರ್ಧಕ್ಕಿಂತ ಕಡಿಮೆ.

ಎಲ್ಲಿ ಏನು ಕಟ್ಟಬಹುದು

ಎರಡೂ ಖಂಡಗಳಲ್ಲಿ ಬೆಲೆಯ ಮೂಲ ನೆಲದ ನಿಯಮಗಳಲ್ಲಿದೆ. ನಗರವನ್ನು ವಲಯಗಳಾಗಿ ವಿಂಗಡಿಸುವ ಅಧಿಕಾರವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ ಯೂಕ್ಲಿಡ್ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಅಲ್ಲಿಂದ ಮುಂದೆ ಹಲವು ನಗರಗಳಲ್ಲಿ ವಾಸದ ನೆಲದ ಮುಕ್ಕಾಲು ಪಾಲು ಒಂದು ಸೈಟಿಗೆ ಒಂದೇ ಕುಟುಂಬದ ಮನೆ ಎಂಬ ನಿಯಮಕ್ಕೆ ಒಳಪಟ್ಟಿತು. ಜನ ಹೆಚ್ಚಾದರೂ ಮನೆ ಹೆಚ್ಚಾಗಲಿಲ್ಲ. ಆ ನಿಯಮವನ್ನು ನಗರದುದ್ದಕ್ಕೂ ಕೈಬಿಡುವ ಯೋಜನೆಯನ್ನು ಮಿನಿಯಾಪೊಲಿಸ್ 2018ರಲ್ಲಿ ಒಪ್ಪಿತು. ಟೆಕ್ಸಸ್‌ನ ಆಸ್ಟಿನ್ ಬಹುಮಹಡಿ ಕಟ್ಟಡಗಳನ್ನು ಬಿರುಸಾಗಿ ಕಟ್ಟಿತು, 2022ರ ನಂತರ ಅಲ್ಲಿ ಬಾಡಿಗೆ ಗಣನೀಯವಾಗಿ ಇಳಿಯಿತು. ಮಾರುಕಟ್ಟೆ ಬಾಡಿಗೆ ಇಳಿಸಲಾರದು ಎನ್ನುವವರು ಆಸ್ಟಿನ್ ಕಡೆ ನೋಡಬೇಕು. ಮಾರುಕಟ್ಟೆಯೊಂದೇ ಸಾಕು ಎನ್ನುವವರು ವಿಯೆನ್ನಾ ಕಡೆ.

ವಿಯೆನ್ನಾ 2018ರಲ್ಲಿ ತನ್ನ ಕಟ್ಟಡ ನಿಯಮ ತಿದ್ದಿತು. ಹೊಸದಾಗಿ ವಸತಿಗೆಂದು ಗುರುತಿಸುವ ದೊಡ್ಡ ಜಾಗಗಳಲ್ಲಿ ಮೂರನೇ ಎರಡು ಭಾಗ ನೆರವಿನ ಮನೆಗಳೇ ಆಗಿರಬೇಕು, ಆ ಭಾಗದ ನೆಲದ ಬೆಲೆ ಕಟ್ಟುವ ಪ್ರತಿ ಚದರ ಮೀಟರಿಗೆ 188 ಯೂರೋ ಮೀರಬಾರದು ಎಂದಿತು. ನೆಲದ ಸಟ್ಟಾ ವ್ಯಾಪಾರಕ್ಕೆ ಹಾಕಿದ ಕಡಿವಾಣ ಅದು.

ಸಾರ್ವಜನಿಕ ಒಡೆತನದಲ್ಲಿ ಮನೆ ಕಟ್ಟುವ ದಾರಿಯನ್ನು ಅಮೆರಿಕದಲ್ಲೂ ಕೆಲವರು ಹಿಡಿದಿದ್ದಾರೆ. ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯ ವಸತಿ ಆಯೋಗ 10 ಕೋಟಿ ಡಾಲರಿನ ಆವರ್ತ ನಿಧಿಯನ್ನಿಟ್ಟುಕೊಂಡು ಖಾಸಗಿ ಬಿಲ್ಡರ್‌ಗಳ ಜೊತೆ ತಾನೂ ಒಡೆಯನಾಗಿ ಕಟ್ಟುತ್ತಿದೆ. 2023ರಲ್ಲಿ ಸಿದ್ಧವಾದ ಅದರ ಲಾರಿಯೆಟ್ ಕಟ್ಟಡದಲ್ಲಿ 268 ಮನೆಗಳಿವೆ. ಅವುಗಳಲ್ಲಿ ಶೇ 30 ಕಡಿಮೆ ಆದಾಯದವರಿಗೆ. ಸಿಯಾಟಲ್‌ನ ಮತದಾರರು 2023ರಲ್ಲಿ ಸಾರ್ವಜನಿಕ ಒಡೆತನದ ವಸತಿ ಸಂಸ್ಥೆಯೊಂದನ್ನು ಸ್ಥಾಪಿಸಲು ಒಪ್ಪಿದರು. 2025ರ ಫೆಬ್ರವರಿಯಲ್ಲಿ ಅದಕ್ಕೆ ದುಡ್ಡು ಎಲ್ಲಿಂದ ಎಂಬುದನ್ನೂ ಅವರೇ ತೀರ್ಮಾನಿಸಿದರು: ನೌಕರನೊಬ್ಬನಿಗೆ ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಹೆಚ್ಚು ಕೊಡುವ ಕಂಪನಿ, ಆ ಹೆಚ್ಚುವರಿ ಮೊತ್ತದ ಮೇಲೆ ಶೇ 5 ತೆರಿಗೆ ಕಟ್ಟಬೇಕು.